ಸಣ್ಣ ಫೈಲು, ದೊಡ್ಡ ಖೋಲಿ

ನಮ್ಮ ಶಾಲೆಯ ವಿದ್ಯಾರ್ಥಿಗಳು ಕಳೆದ ಮೂರು ವರ್ಷಗಳಿಂದ ತಮ್ಮ ಅಜ್ಜ ಅಜ್ಜಿಯರ ಬಾಯಿಂದ ಊರಿನ ಮಾತುಗಳನ್ನು ಕೇಳಿ ಬರೆದು ತರುತ್ತಿರುವುದು ವಾಚಕರಿಗೆ ತಿಳಿದೇ ಇದೆ. ಮುಂಬಯಿಯಲ್ಲಿ ಹುಟ್ಟಿ ಬೆಳೆದ ಮಕ್ಕಳ ಕಿವಿಗೆ ಸಾಮಾನ್ಯವಾಗಿ ಬೀಳದ ಮಾತುಗಳೇ ಅವುಗಳಲ್ಲಿ ಹೆಚ್ಚು. ಒಂದು ಮಾತಿಗೆ ಒಂದು ಚೀಟಿ. ಒಂದು ಚೀಟಿಗೆ ಕಂಪ್ಯೂಟರಿನಲ್ಲಿ ಒಂದು ಫೈಲು. ಹೀಗೆ 12,000 ಫೈಲುಗಳು ಕೂಡಿದುವು. ಎಲ್ಲವನ್ನೂ ಲೆಕ್ಕ ಹಾಕಿದರೂ ಬರಹದ ಮೊತ್ತ ಸುಮಾರು 48 ಲಕ್ಷ ಬೈಟುಗಳು ಮಾತ್ರ.

ಈ ಸಂಗ್ರಹದ ಒಂದು ಪ್ರತಿ ಬೇರೆಡೆಯೂ ಇರಲೆಂದು ಅದನ್ನು ಪೆನ್ ಡ್ರೈವಿಗೆ ಇಳಿಸಲು ತೊಡಗಿದೆವು. ಅದರಲ್ಲಿ 30 ಕೋಟಿ ಬೈಟುಗಳಷ್ಟು ಸ್ಥಳ ತೆರವಾಗಿತ್ತು. ಬೇಕಾದುದಕ್ಕಿಂತ ಅರುವತ್ತು ಪಾಲು ಹೆಚ್ಚು. ಆದರೆ ಒಂಬತ್ತು ಸಾವಿರ ಚೀಟಿಗಳು ಒಳಹೋದ ಮೇಲೆ ಸ್ಥಳವಿಲ್ಲವೆಂದು ಯಂತ್ರ ನಿಂತುಬಿಟ್ಟಿತು. “ಸರ್, ಒಂದೇ ಸಾಲಿನ ಚೀಟಿಗಳನ್ನು ಅಳಿಸಿಬಿಡೋಣವೇ? ಅವುಗಳಲ್ಲಿ ಹೆಚ್ಚೇನೂ ಇಲ್ಲವಲ್ಲ,” ಎಂದು ಒಬ್ಬ ವಿದ್ಯಾರ್ಥಿ ಕೇಳಿದ. ನಾವೂ ಅರೆಮನಸ್ಸಿನಿಂದ ಒಪ್ಪಿದ್ದೆವೆಂದು ಹೇಳಲು ಈಗ ನಾಚಿಕೆಯಾಗುತ್ತದೆ. ಒಂದೆರಡನ್ನು ತೆರೆದು ನೋಡಿದ ಬಳಿಕವೇ ಕೈ ತಡೆದದ್ದು. ಅವುಗಳಲ್ಲೊಂದು ಇದು:

ಹಗೇವು: ಜೋಳ ತುಂಬಿಡುವ ನೆಲದೊಳಗಿನ ಗುಂಡಿ

ಯೂನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದು ಅಕ್ಷರಕ್ಕೂ, ಅದಕ್ಕೆ ಸೇರುವ ಪ್ರತಿಯೊಂದು ಗುಣಿತಚಿಹ್ನೆಗೂ ಮೂರು ಮೂರು ಬೈಟುಗಳು ಬೇಕು. ಆ ಲೆಕ್ಕದಲ್ಲಿ ಈ ಚೀಟಿಯ ಅಳತೆ 95 ಬೈಟುಗಳು. ಪೆನ್ ಡ್ರೈವಿನಲ್ಲಿ ಅದು ಹಿಡಿದಿದ್ದ ಸ್ಥಳವಾದರೋ 32,768 ಬೈಟುಗಳು!

ಇದರ ಕಾರಣ ಚಾಳಿನಲ್ಲಿ ವಾಸಿಸುವವರಿಗೆ ಬೇಗ ತಿಳಿದೀತು. ಚಾಳಿನ ಮಾಲೀಕನು ಬಾಡಿಗೆಗೆ ಕೊಡುವುದು ಇಡಿಯ ಖೋಲಿಯನ್ನು. ಒಬ್ಬನೇ ಬಂದರೂ ಒಂದು ಖೋಲಿ, ಆರು ಮಂದಿ ಬಂದರೂ ಒಂದು ಖೋಲಿ. ಡಿಸ್ಕೂ ಹಾಗೆಯೇ ಸಮನಾದ ಖೋಲಿಗಳಾಗಿ ವಿಭಾಗವಾಗಿರುತ್ತದೆ. ಇವಕ್ಕೆ ಬ್ಲಾಕು ಎಂದೂ ಕ್ಲಸ್ಟರ್ ಎಂದೂ ಹೆಸರು. ಒಂದು ಖೋಲಿಯಲ್ಲಿ ಎರಡು ಫೈಲುಗಳು ಇರಲಾರವು. ಎಕ್ಸ್‌ಫ್ಯಾಟ್ ಪದ್ಧತಿಯ ನಮ್ಮ ಪೆನ್ ಡ್ರೈವಿನಲ್ಲಿ ಖೋಲಿಯ ಅಳತೆ 32,768 ಬೈಟುಗಳಾದುದರಿಂದ 12,000 ಚೀಟಿಗಳಿಗೆ 39 ಕೋಟಿ 32 ಲಕ್ಷ ಬೈಟುಗಳು ಬೇಕಾದುವು. ನಮ್ಮ ಉಪಾಯದ ದೋಷವೂ ಇಲ್ಲಿಯೇ ಹೊರಬಿತ್ತು: ಚಿಕ್ಕ ಚೀಟಿಯನ್ನು ಅಳಿಸಿದರೆ ಒಂದು ಖೋಲಿ ತೆರವಾಗುತ್ತಿತ್ತು, ಇಡೀ ಪುಟ ತುಂಬಿದ ಚೀಟಿಯನ್ನು ಅಳಿಸಿದರೂ ಒಂದೇ ಖೋಲಿ.

ಹಾಗಾದರೆ ಖೋಲಿಗಳನ್ನು ಚಿಕ್ಕವಾಗಿಯೇ ಏಕೆ ಕಟ್ಟಬಾರದು? ಖೋಲಿಗಳು ಹೆಚ್ಚಿದಷ್ಟೂ ಅವುಗಳ ಲೆಕ್ಕದ ಪುಸ್ತಕ ಬೆಳೆಯುತ್ತದೆ. ಫ್ಯಾಟ್-16 ಎಂಬ ಹಳೆಯ ಪದ್ಧತಿಯ ಪುಸ್ತಕದಲ್ಲಿ ಸುಮಾರು 65,500 ಖೋಲಿಗಳನ್ನು ಮಾತ್ರ ನಮೂದಿಸಬಹುದಾಗಿತ್ತು. ಎರಡು ಗಿಗಾಬೈಟಿನ ಡಿಸ್ಕನ್ನು ಅಷ್ಟರಲ್ಲಿ ಅಡಗಿಸಬೇಕಾದರೆ ಖೋಲಿ 32 ಕಿಲೋಬೈಟಿನಷ್ಟು ದೊಡ್ಡದಾಗಲೇಬೇಕು. 1996ರಲ್ಲಿ ಬಂದ ಫ್ಯಾಟ್-32 ಅದೇ ಡಿಸ್ಕಿನಲ್ಲಿ 4 ಕಿಲೋಬೈಟಿನ ಖೋಲಿಗಳಿಗೆ ಎಡೆಮಾಡಿತು.

ಎರಡನೆಯ ತೊಡಕು ವೇಗದ್ದು. ಅಮೆರಿಕೆಯ ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ ಯೂನಿಕ್ಸಿನ ಡಿಸ್ಕುಗಳನ್ನು ಪರೀಕ್ಷಿಸಿದ ಮೆಕ್ಯೂಸಿಕ್, ಜಾಯ್, ಲೆಫ್ಲರ್, ಫ್ಯಾಬ್ರಿ ಎಂಬ ನಾಲ್ವರು 1984ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದರ ಅಂಕಿಗಳಿವೆ. ಚಿಕ್ಕ ಬ್ಲಾಕುಗಳು ಡಿಸ್ಕಿನ ತುಂಬ ಚೆದರಿಹೋಗಿ, ಡಿಸ್ಕಿನ ನಿಜವಾದ ವೇಗದಲ್ಲಿ ನೂರಕ್ಕೆ ಎರಡರಿಂದ ನಾಲ್ಕು ಪಾಲು ಮಾತ್ರ ದೊರೆಯುತ್ತಿತ್ತಂತೆ. ದೊಡ್ಡ ಬ್ಲಾಕುಗಳನ್ನು ಇಟ್ಟರೆ ವೇಗವೇನೋ ಹೆಚ್ಚುತ್ತದೆ. ಆದರೆ ಅವರ ಡಿಸ್ಕಿನಲ್ಲಿ 512 ಬೈಟುಗಳ ಬ್ಲಾಕಿಗೆ ನೂರಕ್ಕೆ 6.9ರಷ್ಟಿದ್ದ ಪೋಲು 4,096 ಬೈಟುಗಳ ಬ್ಲಾಕಿಗೆ 45.6ಕ್ಕೆ ಏರಿತು. ಅವರು ಕಂಡುಕೊಂಡ ಮಾರ್ಗ ಬಹಳ ಸೊಗಸಾದುದು. ಖೋಲಿ ದೊಡ್ಡದಾಗಿಯೇ ಇರಲಿ, ಆದರೆ ಅಗತ್ಯ ಬಿದ್ದಾಗ ಅದರೊಳಗೆ ಅಡ್ಡಗೋಡೆ ಎಬ್ಬಿಸಲು ಬರಬೇಕು! ದೊಡ್ಡ ಫೈಲಿಗೆ ಇಡಿಯ ಖೋಲಿಗಳು. ಅದರ ಕೊನೆಯಲ್ಲಿ ಉಳಿದ ತುಣುಕಿಗೂ ಸಣ್ಣ ಫೈಲುಗಳಿಗೂ 1,024 ಬೈಟುಗಳ ಕಾಲುಭಾಗ. ಉಳಿದ ಭಾಗಗಳಲ್ಲಿ ಬೇರೆ ಫೈಲುಗಳ ತುಣುಕುಗಳು. ಹೀಗೆ ಓದುವ ವೇಗ ದೊಡ್ಡ ಬ್ಲಾಕಿನದೂ, ಪೋಲು ಚಿಕ್ಕ ಬ್ಲಾಕಿನದೂ ಆಯಿತು.

2001ರಲ್ಲಿ ಲಿನಕ್ಸಿಗೆ ಸೇರಿದ ರೈಸರ್‌ಎಫ್‌ಎಸ್ ಇನ್ನೂ ಮುಂದೆ ಹೋಗಿ, ಅಡ್ಡಗೋಡೆಗಳ ಅಳತೆಯನ್ನೂ ನೋಡದೆ ಹಲವು ಫೈಲುಗಳ ಬಾಲಗಳನ್ನು ಒಂದೇ ಬ್ಲಾಕಿನಲ್ಲಿ ಒತ್ತಿ ತುಂಬಿತು. ಇದರಿಂದ ಸ್ಥಳ ಉಳಿಯಿತು. ಆದರೆ ಒಬ್ಬನು ದಪ್ಪಗಾದರೆ ಮಿಕ್ಕವರು ಜರುಗಬೇಕಷ್ಟೆ. ಅದರಿಂದಾಗುವ ತಡವನ್ನು ಸಹಿಸದವರು ಈ ಏರ್ಪಾಟನ್ನು ನಿಲ್ಲಿಸಿಡಲು ಅವಕಾಶವಿತ್ತು. ಹಾಗೆ ನಿಲ್ಲಿಸಿದವರೂ ಉಂಟು.

ಇಷ್ಟಾದರೂ ಒಂದು ಸಂದೇಹ ನಮ್ಮನ್ನು ಕಾಡುತ್ತಿತ್ತು. ಅದೇ ಚೀಟಿಗಳು ಶಾಲೆಯ ಕಂಪ್ಯೂಟರಿನಲ್ಲಿ ಇಷ್ಟು ದಿನ ತೊಂದರೆ ಕೊಡದೆ ಇದ್ದುದು ಹೇಗೆ? ವಿಂಡೋಸಿನ ಎನ್‌ಟಿಎಫ್‌ಎಸ್ ಪದ್ಧತಿಯಲ್ಲಿ ಪ್ರತಿಯೊಂದು ಫೈಲಿಗೂ ದಾಖಲೆ ಪುಸ್ತಕದಲ್ಲಿ ಸಾಮಾನ್ಯವಾಗಿ 1,024 ಬೈಟುಗಳ ಒಂದು ಪುಟವಿರುತ್ತದೆ. ಫೈಲು ತೀರ ಚಿಕ್ಕದಾಗಿದ್ದರೆ ಅದರ ಬರಹವನ್ನು ಆ ಪುಟದಲ್ಲೇ ಬರೆದುಕೊಳ್ಳುತ್ತಾರೆ. ಖೋಲಿಯ ಗೊಡವೆಯೇ ಇಲ್ಲ. ನಮ್ಮ ಚೀಟಿಗಳಲ್ಲಿ ಬಹುಪಾಲು ಹೀಗೆ ಪುಸ್ತಕದಲ್ಲೇ ವಾಸವಾಗಿದ್ದುವು, ಪೆನ್ ಡ್ರೈವಿಗೆ ಬಂದೊಡನೆ ತಲೆಗೊಂದು ಖೋಲಿ ಕೇಳಿದುವು. ನೀವೂ ಮನೆಯ ಕಂಪ್ಯೂಟರಿನಲ್ಲಿ ಒಂದು ಸಣ್ಣ ಫೈಲಿನ ಪ್ರಾಪರ್ಟೀಸ್ ತೆರೆದು ‘ಸೈಜ್’, ‘ಸೈಜ್ ಆನ್ ಡಿಸ್ಕ್’ ಎಂಬ ಎರಡು ಸಾಲುಗಳನ್ನು ಹೋಲಿಸಿ ನೋಡಿರಿ. ಎರಡನೆಯ ಸಾಲಿನಲ್ಲಿ ಸೊನ್ನೆ ಕಂಡರೆ ಗಾಬರಿ ಬೇಡ. ಅದು ಪುಸ್ತಕದಲ್ಲೇ ಇರುವ ಫೈಲು.

ಪೆನ್ ಡ್ರೈವಿನ ಖೋಲಿಯನ್ನು ಚಿಕ್ಕದು ಮಾಡಬೇಕಾದರೆ ಅದರಲ್ಲಿದ್ದುದನ್ನೆಲ್ಲ ಅಳಿಸಿ ಹೊಸದಾಗಿ ಫಾರ್ಮ್ಯಾಟ್ ಮಾಡಬೇಕಾಗಿತ್ತು. ಅದರಲ್ಲಿ ಬೇರೆಯವರ ವಸ್ತುಗಳೂ ಇದ್ದುವು. ಹನ್ನೆರಡು ಸಾವಿರವನ್ನೂ ಒಂದೇ ಗಂಟಾಗಿ ಕಟ್ಟಿದ್ದರೆ ಪೋಲು ಒಂದು ಖೋಲಿಯನ್ನು ಮೀರುತ್ತಿರಲಿಲ್ಲ. ಆದರೆ ಆ ಒಂದು ಫೈಲು ಕೆಟ್ಟರೆ? ಇಂತಹ ಸಂಗ್ರಹವನ್ನು ಒಂದೇ ದಾರಕ್ಕೆ ತೂಗುಹಾಕಲು ನಮಗೆ ಮನಸ್ಸು ಬರಲಿಲ್ಲ. ಕೊನೆಗೆ ಮೊದಲಕ್ಷರದ ಪ್ರಕಾರ ಚೀಟಿಗಳನ್ನು ಜೋಡಿಸಿ, ಅಕ್ಷರಕ್ಕೊಂದರಂತೆ 40 ಫೈಲುಗಳನ್ನು ಮಾಡಿದೆವು. ಪ್ರತಿ ಫೈಲಿನ ಕೊನೆಯ ಖೋಲಿಯಲ್ಲಿ ಮಾತ್ರ ತೆರಪು ಉಳಿಯುವುದರಿಂದ ಒಟ್ಟು ಪೋಲು 13 ಲಕ್ಷ 11 ಸಾವಿರ ಬೈಟುಗಳನ್ನು ಮುಟ್ಟಲಾರದು. ಜೋಡಿಸುವ ಕೆಲಸವನ್ನು ಒಂಬತ್ತನೆಯ ತರಗತಿಯವರು ಎರಡು ಶನಿವಾರಗಳಲ್ಲಿ ಮುಗಿಸಿದರು. ಒಂದೇ ಸಾಲಿನ ಚೀಟಿಗಳನ್ನು ಅಳಿಸೋಣವೆಂದಿದ್ದ ವಿದ್ಯಾರ್ಥಿಯೇ ‘ಹ’ ಅಕ್ಷರದ ಫೈಲನ್ನು ಕೇಳಿ ತೆಗೆದುಕೊಂಡ. ಹಗೇವು ಈಗ ಅದರಲ್ಲಿದೆ.