ಡ್ಯುಯಲ್ ಕನ್ಸೋಲ್ ದೋಣಿ: ಕೊಳ್ಳೋ ಮುಂಚೆ ಇಷ್ಟು ನೋಡಿ

ಅಪ್ಪನಿಗೆ ಗಾಳ ಹಾಕಬೇಕು. ಮಕ್ಕಳಿಗೆ ಟ್ಯೂಬ್ ಮೇಲೆ ಕೂತು ದೋಣಿ ಹಿಂದೆ ಜಾರಬೇಕು. ಎರಡಕ್ಕೂ ಆಗೋ ದೋಣಿ, ಡ್ಯುಯಲ್ ಕನ್ಸೋಲ್.

ಎಡಕ್ಕೊಂದು, ಬಲಕ್ಕೊಂದು ಕನ್ಸೋಲ್, ಅಂದ್ರೆ ಕಾರಿನ ಡ್ಯಾಶ್‌ಬೋರ್ಡ್ ಥರದ ಕಟ್ಟೆ. ಎರಡಕ್ಕೂ ಗಾಳಿ ತಡೆಯೋ ಗಾಜು. ನಡುವಿನ ದಾರೀಲಿ ಮುಂದಕ್ಕೆ ಹೋದ್ರೆ ಕೂರೋಕೆ ಸೀಟು. ಹಿಂದೆ ಗಾಳದ ಕೋಲು ಸಿಕ್ಕಿಸೋ ಜಾಗ.

ಮೂರು ವಿಷಯ ನೋಡಿ.

ಒಂದು, ತಳ. ಮಲ್ಪೆ, ಕಾರವಾರದ ಕಡಲಿಗೆ ಚೂಪಾದ ‘ವಿ’ ತಳ ಬೇಕು, ಅಲೆ ಸೀಳುತ್ತೆ. ನಿಂತ ನೀರಿಗೆ ಚಪ್ಪಟೆ ತಳ, ಓಲಾಟ ಕಮ್ಮಿ.

ಎರಡು, ಭಾರ. ದೋಣಿ ಮೇಲೆ ಬರೆದಿರೋ ಮಿತಿಯಲ್ಲಿ ಜನರ ಜೊತೆ ಸಾಮಾನು, ಐಸ್ ಪೆಟ್ಟಿಗೇನೂ ಲೆಕ್ಕ ಹಿಡೀರಿ.

ಮೂರು, ಎಂಜಿನ್. ಗಾಳಕ್ಕೆ ಚಿಕ್ಕದು ಸಾಕು. ಟ್ಯೂಬ್ ಎಳೆಯೋಕೆ ಸಾಲದು. ಎಳೆಯುವಾಗ ಹಿಂದೆ ನೋಡ್ತಾ ಇರೋಕೆ ಇನ್ನೊಬ್ಬರು ಇರಲೇಬೇಕು.

ಇನ್ನು ಹರವೆ ಕಡೆಯವರಿಗೆ ಒಂದು ಮಾತು. ನಮ್ಮ ಚಾಮರಾಜನಗರ ಜಿಲ್ಲೆಯ ಸುವರ್ಣಾವತಿ, ಚಿಕ್ಕಹೊಳೆ ಜಲಾಶಯಕ್ಕೆ ಅನುಮತಿ ಇಲ್ಲದೆ ದೋಣಿ ಇಳಿಸಬೇಡಿ, ಗಾಳ ಹಾಕಬೇಡಿ. ಮೋಟಾರು ದೋಣಿಗೆ 2021ರ ಒಳನಾಡು ಹಡಗುಗಳ ಕಾಯ್ದೆ ನೋಂದಣಿ ಕೇಳುತ್ತೆ. ಕಾವೇರಿ ವನ್ಯಧಾಮದಲ್ಲಂತೂ ಗಾಳದ ಮಾತೇ ಬೇಡ.

ವರ್ಷಕ್ಕೊಮ್ಮೆ ಮೋಜು ಸಾಕು ಅಂದ್ರೆ ದುಡ್ಡು ಉಳಿಸಿ, ಹೊಗೇನಕಲ್‌ಗೆ ಹೋಗಿ ತೆಪ್ಪ ಹತ್ತಿ. ಬಿದಿರಿನ ಹೆಣಿಗೆ, ಕೈಯಲ್ಲೊಂದು ಹುಟ್ಟು. ಅಂಬಿಗಣ್ಣ ಗಿರ್ರನೆ ತಿರುಗಿಸಿದ್ರೆ ಮಕ್ಕಳು ಕೇಕೆ ಹಾಕ್ತಾರೆ!

ಯಾವ ದೋಣಿ ಹತ್ತಿದ್ರೂ ಮೊದಲು ಲೈಫ್ ಜಾಕೆಟ್, ಬಕಲ್ ಸಮೇತ. ಮನೆಯವರಿಗೂ ಈ ರೀಲ್ ಕಳಿಸಿ.