ನಿಲ್ಲದ ರಕ್ತಕ್ಕೆ ಊರಲ್ಲೇ ಮದ್ದು

ಅಂಗವೈಕಲ್ಯವನ್ನೋ ವಾಸಿಯಾಗದ ರೋಗವನ್ನೋ ಹೊತ್ತು ಸಾಧನೆ ಮಾಡಿದವರನ್ನು ಕುರಿತ ಬರಹಗಳು ಸಾಮಾನ್ಯವಾಗಿ ಆ ವ್ಯಕ್ತಿಯ ಛಲವನ್ನು ಕೊಂಡಾಡಿ, ಅದೇ ರೋಗದಿಂದ ನರಳುತ್ತಿರುವ ಉಳಿದವರ ಪಾಡೇನು ಎಂಬುದನ್ನು ಕೇಳದೆ ಮುಗಿದುಬಿಡುತ್ತವೆ. ದಾವಣಗೆರೆಯ ಡಾ. ಸುರೇಶ್ ಹನಗವಾಡಿ ಅವರ ಬದುಕನ್ನು ಹಾಗೆ ಓದಲು ಬರುವುದಿಲ್ಲ. ಹರಿಹರ ತಾಲ್ಲೂಕಿನ ಹನಗವಾಡಿಯನ್ನು ಹೆಸರಿನಲ್ಲೇ ಹೊತ್ತಿರುವ, ಹುಟ್ಟಿನಿಂದಲೇ ಹಿಮೋಫಿಲಿಯಾ ಪೀಡಿತರಾದ ಈ ವೈದ್ಯರು ನಗರದ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನಲ್ಲಿ ಪೆಥಾಲಜಿಯನ್ನು, ಅಂದರೆ ರಕ್ತ ಮತ್ತು ಅಂಗಾಂಶಗಳ ಪರೀಕ್ಷೆಯಿಂದ ರೋಗವನ್ನು ಗುರುತಿಸುವ ಶಾಸ್ತ್ರವನ್ನು, ಬೋಧಿಸುತ್ತ ಬಂದವರು. ಜೊತೆಗೆ ದಾವಣಗೆರೆಯಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯನ್ನು ಕಟ್ಟಿದವರು. 2026ರ ಗಣರಾಜ್ಯೋತ್ಸವದ ಸಂದರ್ಭದಲ್ಲಿ ಪ್ರಕಟವಾದ ಪದ್ಮಶ್ರೀ ಪಟ್ಟಿಯಲ್ಲಿ ಅವರ ಹೆಸರಿತ್ತು. ಆದರೆ ಅವರ ಸಾಧನೆಯ ಅಳತೆಗೋಲನ್ನು ಪ್ರಶಸ್ತಿಯಲ್ಲಿ ಹುಡುಕುವುದಕ್ಕಿಂತ, ಅವರ ನಂತರ ಅದೇ ರೋಗದೊಂದಿಗೆ ಹುಟ್ಟಿದ ಮಗುವಿಗೆ ಎಷ್ಟು ಕಡಿಮೆ ಛಲ ಸಾಕಾಯಿತು ಎಂಬುದರಲ್ಲಿ ಹುಡುಕುವುದು ನ್ಯಾಯ.

ರಕ್ತನಾಳಕ್ಕೆ ಪೆಟ್ಟಾದಾಗ ರಕ್ತ ಹೆಪ್ಪುಗಟ್ಟಿ ಸ್ರಾವ ನಿಲ್ಲಬೇಕಾದರೆ ಹತ್ತಾರು ಪ್ರೋಟೀನುಗಳು ಒಂದರ ನಂತರ ಒಂದರಂತೆ ಚುರುಕುಗೊಳ್ಳಬೇಕು. ಫ್ಯಾಕ್ಟರ್ ಎಂದು ಕರೆಯಲಾಗುವ ಈ ಘಟಕಗಳಲ್ಲಿ ಎಂಟನೆಯದು ಕೊರತೆಯಾದರೆ ಅದು ಹಿಮೋಫಿಲಿಯಾ ‘ಎ’, ಒಂಬತ್ತನೆಯದು ಕೊರತೆಯಾದರೆ ‘ಬಿ’. ಮೊದಲನೆಯದು ಸುಮಾರು 5,000 ಗಂಡುಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. ಎರಡನೆಯದು ಇನ್ನೂ ವಿರಳ. ಘಟಕದ ಪ್ರಮಾಣ ಸಹಜ ಮಟ್ಟದ ಶೇ 1ಕ್ಕಿಂತ ಕಡಿಮೆ ಇದ್ದರೆ ರೋಗ ತೀವ್ರವೆಂದು ಲೆಕ್ಕ. ಗಾಯವಾದರೆ ರಕ್ತವೆಲ್ಲ ಸೋರಿಹೋಗುತ್ತದೆ ಎಂಬುದು ಜನಸಾಮಾನ್ಯರ ಭಯವಾದರೂ, ಈ ರೋಗ ನಿಜವಾಗಿ ಹಾಳುಮಾಡುವುದು ಕಣ್ಣಿಗೆ ಕಾಣದ ಜಾಗವನ್ನು. ಯಾವ ಪೆಟ್ಟೂ ಬೀಳದೆ ಮೊಣಕಾಲು, ಮೊಣಕೈ, ಹರಡುಗಳ ಕೀಲಿನೊಳಗೆ ರಕ್ತ ಜಿನುಗಿ, ಕೀಲು ಬಿಗಿದು ಊದಿಕೊಂಡು, ಮಗು ರಾತ್ರಿಯಿಡೀ ನೋವಿನಿಂದ ಚೀರುತ್ತದೆ. ಒಂದೇ ಕೀಲಿನಲ್ಲಿ ಇದು ಮತ್ತೆ ಮತ್ತೆ ನಡೆದರೆ ಮೃದ್ವಸ್ಥಿ ಸವೆದು, ಹದಿಹರೆಯ ಮುಗಿಯುವ ಮುನ್ನವೇ ಕಾಲು ಮಡಚಿದಂತೆಯೇ ನಿಂತುಬಿಡುತ್ತದೆ. ಹೀಗೆ ಒಂದು ರಕ್ತದೋಷವು ಚಿಕಿತ್ಸೆ ಸಿಗದ ಒಂದೇ ಕಾರಣಕ್ಕೆ ಅಂಗವೈಕಲ್ಯವಾಗಿ ಬದಲಾಗುತ್ತದೆ.

ಚಿಕಿತ್ಸೆಯ ತತ್ವ ಸರಳವಾದುದು: ಇಲ್ಲದ ಘಟಕವನ್ನು ರಕ್ತನಾಳದ ಮೂಲಕ ಕೊಡುವುದು, ಅದೂ ಸ್ರಾವ ಶುರುವಾದ ಒಂದೆರಡು ಗಂಟೆಯೊಳಗೆ ಕೊಡುವುದು. ಕಷ್ಟವಿರುವುದು ಈ ಗಂಟೆಗಳ ಲೆಕ್ಕದಲ್ಲಿ. ಹರಿಹರದ ಮಗುವಿಗೆ ನಡುರಾತ್ರಿ ಮೊಣಕಾಲು ಊದಿಕೊಂಡರೆ, ಮದ್ದು ಬೆಂಗಳೂರಿನಲ್ಲಿದ್ದರೆ ಅದು ಸುಮಾರು 270 ಕಿಲೋಮೀಟರ್ ದೂರದ ಮಾತು, ದಾವಣಗೆರೆಯಲ್ಲಿದ್ದರೆ ಅರ್ಧ ಗಂಟೆಯ ದಾರಿ. ಆದ್ದರಿಂದ ಹಿಮೋಫಿಲಿಯಾ ಸಂಘವೊಂದು ರಾಜಧಾನಿಯಲ್ಲಿ ಹುಟ್ಟದೆ ಹಳೇ ಪುಣೆ–ಬೆಂಗಳೂರು (ಪಿ.ಬಿ.) ರಸ್ತೆಯ ಈ ಊರಿನಲ್ಲಿ ಹುಟ್ಟಿದ್ದು ಆಕಸ್ಮಿಕವಾಗಿ ಕಂಡರೂ, ಹಾವೇರಿ, ಚಿತ್ರದುರ್ಗ, ಶಿವಮೊಗ್ಗ, ಬಳ್ಳಾರಿ ಕಡೆಯ ಕುಟುಂಬಗಳ ದೃಷ್ಟಿಯಿಂದ ಅದಕ್ಕಿಂತ ದೊಡ್ಡ ಉಪಕಾರ ಮತ್ತೊಂದಿಲ್ಲ.

ರೋಗಿಗಳೇ ಮುಂದಾಗಿ ಚಿಕಿತ್ಸೆಯನ್ನು ಕಟ್ಟಿಕೊಂಡದ್ದು ಈ ರೋಗದ ಇತಿಹಾಸದ ವಿಶೇಷ. ತೀವ್ರ ಹಿಮೋಫಿಲಿಯಾ ಇದ್ದ ಕೆನಡಾದ ವ್ಯಾಪಾರಿ ಫ್ರಾಂಕ್ ಶ್ನಾಬೆಲ್ 1963ರಲ್ಲಿ ವಿಶ್ವ ಹಿಮೋಫಿಲಿಯಾ ಒಕ್ಕೂಟವನ್ನು ಸ್ಥಾಪಿಸಿದರು. ಅವರ ಜನ್ಮದಿನವಾದ ಏಪ್ರಿಲ್ 17 ಇಂದು ವಿಶ್ವ ಹಿಮೋಫಿಲಿಯಾ ದಿನ. ಮರುವರ್ಷ ಅಮೆರಿಕದ ಜುಡಿತ್ ಪೂಲ್ ಅವರು ಘನೀಕರಿಸಿದ ಪ್ಲಾಸ್ಮಾವನ್ನು ತಂಪಿನಲ್ಲೇ ನಿಧಾನವಾಗಿ ಕರಗಿಸಿದರೆ ತಳದಲ್ಲಿ ಉಳಿಯುವ ಗಷ್ಟಿನಲ್ಲಿ ಎಂಟನೆಯ ಘಟಕ ಹೇರಳವಾಗಿರುತ್ತದೆಂದು ತೋರಿಸಿದ್ದರಿಂದ, ಸಾಧಾರಣ ರಕ್ತನಿಧಿಯೂ ಮದ್ದು ತಯಾರಿಸಬಹುದಾಯಿತು. ಆದರೆ ಸಾವಿರಾರು ದಾನಿಗಳ ಪ್ಲಾಸ್ಮಾ ಬೆರೆಸಿ ಮಾಡಿದ ಔಷಧಿಗಳ ಮೂಲಕ 1980ರ ದಶಕದಲ್ಲಿ ಎಚ್‌ಐವಿ ಹರಡಿ, ಲೋಕದಾದ್ಯಂತ ಸಾವಿರಾರು ಹಿಮೋಫಿಲಿಯಾ ರೋಗಿಗಳು ತೀರಿಕೊಂಡರು; 1987ರಲ್ಲಿ ಸ್ವತಃ ಶ್ನಾಬೆಲ್ ಕೂಡ. ಭಾರತದಲ್ಲಿ ಇದೇ ರೋಗವಿದ್ದ ಅಶೋಕ್ ವರ್ಮಾ 1983ರಲ್ಲಿ ರಾಷ್ಟ್ರೀಯ ಒಕ್ಕೂಟ ಕಟ್ಟಿದರು. ಡಾ. ಹನಗವಾಡಿ ಈ ಸಾಲಿಗೆ ಸೇರುವವರಾದರೂ ಅವರಲ್ಲಿ ಒಂದು ಹೆಚ್ಚಿನ ಅನುಕೂಲ ಕೂಡಿಕೊಂಡಿತು: ಅವರು ರೋಗಿಯೂ ಹೌದು, ಆ ರೋಗವನ್ನು ಪತ್ತೆಹಚ್ಚುವ ಪ್ರಯೋಗಾಲಯದ ಶಾಸ್ತ್ರ ಬಲ್ಲವರೂ ಹೌದು.

ಈ ಕೂಡಿಕೆಯ ಬೆಲೆಯನ್ನು ಹಳ್ಳಿಯ ಕುಟುಂಬಗಳ ಕಡೆಯಿಂದ ನೋಡಬೇಕು. ಅಂಬೆಗಾಲಿಡುವ ಮಗುವಿನ ಮೈಮೇಲೆ ನೀಲಿ ಕಲೆಗಳು, ಹಾಲುಹಲ್ಲು ಬಿದ್ದಾಗ ದಿನಗಟ್ಟಲೆ ನಿಲ್ಲದ ರಕ್ತ, ಸೂಜಿ ಚುಚ್ಚಿದಲ್ಲಿ ಗಂಟು ಇವೆಲ್ಲ ರೋಗದ ಸುಳಿವುಗಳೇ ಆದರೂ, ಹೆಸರು ತಿಳಿಯದ ಮನೆಯವರು ದೇವರ ಹರಕೆಯಿಂದ ನಾಟಿ ಮದ್ದಿಗೂ, ಅಲ್ಲಿಂದ, ಊದಿದ ಕೀಲನ್ನು ಕೀವೆಂದು ಭ್ರಮಿಸಿ ಕೊಯ್ಯುವವರ ಬಳಿಗೂ ಅಲೆಯುತ್ತಾರೆ. ಎಪಿಟಿಟಿ ಎಂಬ, ಪ್ಲಾಸ್ಮಾ ಹೆಪ್ಪುಗಟ್ಟಲು ಎಷ್ಟು ಸೆಕೆಂಡು ಬೇಕೆಂದು ಅಳೆಯುವ ಪರೀಕ್ಷೆಯೊಂದು ಶಂಕೆ ಮೂಡಿಸುತ್ತದೆ. ಘಟಕಗಳ ಪ್ರಮಾಣ ಅಳೆಯುವ ಮುಂದಿನ ಪರೀಕ್ಷೆ ಅದನ್ನು ಖಚಿತಪಡಿಸುತ್ತದೆ. ಎಂಟೋ ಒಂಬತ್ತೋ ಎಂದು ತಿಳಿಯದೆ ಮದ್ದು ಕೊಟ್ಟರೆ ದುಬಾರಿ ಔಷಧಿ ವ್ಯರ್ಥವಾಗುತ್ತದೆಯಾದ್ದರಿಂದ, ಜಿಲ್ಲಾ ಮಟ್ಟದಲ್ಲಿ ನಂಬಬಹುದಾದ ಪ್ರಯೋಗಾಲಯವಿರುವುದು ಔಷಧಿಯಷ್ಟೇ ಮುಖ್ಯ.

ಇನ್ನೊಂದು ಹೊರೆ ತಾಯಂದಿರದು. ರೋಗದ ದೋಷ ಎಕ್ಸ್ ವರ್ಣತಂತುವಿನಲ್ಲಿರುವುದರಿಂದ, ಅದನ್ನು ಹೊತ್ತಿದ್ದೂ ಬಹುಮಟ್ಟಿಗೆ ಆರೋಗ್ಯವಾಗಿರುವ ತಾಯಿಗೆ, ಅಂದರೆ ವಾಹಕಿಗೆ, ಹುಟ್ಟುವ ಪ್ರತಿ ಗಂಡುಮಗುವಿಗೂ ರೋಗ ಬರುವ ಸಾಧ್ಯತೆ ಅರ್ಧದಷ್ಟು. ಇಷ್ಟನ್ನೇ ಹಿಡಿದುಕೊಂಡು ಸೊಸೆಯನ್ನು ತವರಿಗೆ ಅಟ್ಟುವ ಮನೆಗಳಿಗೆ, ಸುಮಾರು ಮೂರನೇ ಒಂದು ಭಾಗ ಪ್ರಕರಣಗಳಲ್ಲಿ ವಂಶದಲ್ಲಿ ಹಿಂದೆಂದೂ ಇರದ ದೋಷ ಹೊಸದಾಗಿ ಮೂಡಿರುತ್ತದೆ ಎಂಬುದನ್ನು ತಿಳಿಹೇಳಬೇಕಾಗುತ್ತದೆ. ಅಕ್ಕನ ಮಗಳನ್ನು ತರುವ ನಮ್ಮ ಕಡೆಯ ಪದ್ಧತಿಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ: ರೋಗಪೀಡಿತ ಸೋದರಮಾವನನ್ನು ಮದುವೆಯಾಗುವ ಹುಡುಗಿಯೂ ವಾಹಕಿಯಾಗಿದ್ದರೆ, ಸಾಮಾನ್ಯವಾಗಿ ಗಂಡಸರಿಗೇ ಸೀಮಿತವಾದ ರೋಗ ಅವರ ಹೆಣ್ಣುಮಕ್ಕಳಿಗೂ ಬರಬಹುದು. ಸ್ವತಃ ಆ ನೋವುಂಡ ವೈದ್ಯರು ಎದುರು ಕುಳಿತು ಇದನ್ನು ವಿವರಿಸುವುದಕ್ಕೂ ಕರಪತ್ರದಲ್ಲಿ ಓದುವುದಕ್ಕೂ ಅಜಗಜಾಂತರವಿದೆ.

ಔಷಧಿಯ ಜಗತ್ತು ಈಗ ವೇಗವಾಗಿ ಬದಲಾಗುತ್ತಿದೆ. ರಾಜ್ಯದ ಸರ್ಕಾರಿ ಜಿಲ್ಲಾ ಆಸ್ಪತ್ರೆಗಳಲ್ಲಿ ಫ್ಯಾಕ್ಟರ್ ಉಚಿತವಾಗಿ ದೊರೆಯುತ್ತದೆ. ಚರ್ಮದಡಿ ಚುಚ್ಚಬಹುದಾದ ಎಮಿಸಿಜುಮ್ಯಾಬ್ ಎಂಬ ಔಷಧಿ ಬಂದಿದೆ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಐವರು ರೋಗಿಗಳ ಮೇಲೆ ನಡೆದ ಜೀನ್ ಚಿಕಿತ್ಸೆಯ ಫಲಿತಾಂಶ 2024ರಲ್ಲಿ ಪ್ರಕಟವಾಯಿತು.

ಕಾನೂನು ಅಷ್ಟು ಮುಂದೆ ಸಾಗಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು 1995ರ ಕಾಯ್ದೆಯಲ್ಲಿದ್ದ 7 ಬಗೆಗಳನ್ನು 21ಕ್ಕೆ ಏರಿಸಿ, ಥಲಸ್ಸೀಮಿಯಾ ಮತ್ತು ಕುಡಗೋಲು ಕಣ ರೋಗದೊಂದಿಗೆ ಹಿಮೋಫಿಲಿಯಾವನ್ನೂ ಅಂಗವೈಕಲ್ಯವೆಂದು ಒಪ್ಪಿಕೊಂಡಿತು. 32ನೇ ಕಲಮಿನ ಪ್ರಕಾರ ಉನ್ನತ ಶಿಕ್ಷಣದಲ್ಲಿ ಇವರಿಗೂ ಮೀಸಲಾತಿಯುಂಟು. ಆದರೆ ಸರ್ಕಾರಿ ಉದ್ಯೋಗದಲ್ಲಿ ಶೇ 4ರಷ್ಟು ಮೀಸಲಿಡುವ 34ನೇ ಕಲಮಿನ ಪಟ್ಟಿಯಲ್ಲಿ ರಕ್ತದೋಷಗಳಿಗೆ ಜಾಗವಿಲ್ಲ. ಇದರ ಪರಿಣಾಮವಾಗಿ, ಮದ್ದು ಸಿಗದೆ ಮೊಣಕಾಲು ಕಳೆದುಕೊಂಡ ಯುವಕ ಚಲನವೈಕಲ್ಯದ ಹೆಸರಿನಲ್ಲಿ ಅರ್ಜಿ ಹಾಕಬಹುದು. ಹೊತ್ತಿಗೆ ಸರಿಯಾಗಿ ದಾವಣಗೆರೆ ತಲುಪಿ ಕಾಲು ಉಳಿಸಿಕೊಂಡವನಿಗೆ, ಜೀವನಪೂರ್ತಿ ಮದ್ದಿನ ಹಂಗು ಅಷ್ಟೇ ಇದ್ದರೂ, ಆ ಬಾಗಿಲು ಮುಚ್ಚಿದೆ. ಡಾ. ಹನಗವಾಡಿಯವರಿಗೆ ಪ್ರಶಸ್ತಿ ಕೊಟ್ಟ ಸರ್ಕಾರವೇ ಈ ಕಲಮನ್ನು ತಿದ್ದುವ ಮಸೂದೆಯನ್ನು ಸಂಸತ್ತಿನ ಮುಂದಿಡುವ ಅಧಿಕಾರವನ್ನೂ ಹೊಂದಿದೆ.