ಸುಟ್ಟ ಕೂಡಲೇ ಟೂತ್‌ಪೇಸ್ಟ್ ಅಲ್ಲ, ನಲ್ಲಿ ನೀರು
ಒಗ್ಗರಣೆ ಎಣ್ಣೆ ಕೈಗೆ ಸಿಡೀತು. ತಕ್ಷಣ ಸಲಹೆಗಳ ಸುರಿಮಳೆ: ಟೂತ್‌ಪೇಸ್ಟ್ ಹಚ್ಚು, ಕಾಫಿಪುಡಿ ಹಾಕು, ಇಂಕು ಸವರು, ಐಸ್ ಇಡು. ದಯವಿಟ್ಟು ಇದ್ಯಾವುದನ್ನೂ ಮಾಡ್ಬೇಡಿ.

ಎಣ್ಣೆ ಒರೆಸಿದ ಮೇಲೂ ಚರ್ಮದೊಳಗೆ ಬಿಸಿ ಉಳಿದಿರುತ್ತೆ. ಅದು ಒಳಪದರಗಳನ್ನೂ ಸುಡ್ತಾ ಹೋಗುತ್ತೆ. ಪೇಸ್ಟ್ ಮೆತ್ತಿದರೆ ಗಾಯ ತಣಿಯೋದಿಲ್ಲ, ಸೋಂಕಿನ ಭಯ ಬೇರೆ. ಗಾಯ ಎಷ್ಟು ಆಳ ಅಂತ ಡಾಕ್ಟರಿಗೂ ಕಾಣಲ್ಲ. ಐಸ್ ಇಟ್ಟರೆ ರಕ್ತನಾಳ ಕುಗ್ಗಿ, ಚರ್ಮಕ್ಕೆ ಇನ್ನಷ್ಟು ಪೆಟ್ಟು.

ಹಾಗಾದ್ರೆ ಏನು ಮಾಡ್ಬೇಕು?

ಒಂದು: ನಲ್ಲಿ ತಿರುಗಿಸಿ, ಹರಿಯೋ ತಣ್ಣೀರಿನ ಕೆಳಗೆ ಪೂರ್ತಿ 20 ನಿಮಿಷ ಹಿಡೀರಿ. ಸುಟ್ಟ 3 ಗಂಟೆಯೊಳಗೆ ಯಾವಾಗ ಮಾಡಿದರೂ ಉಪಯೋಗ ಇದೆ.

ಎರಡು: ಊದಿಕೊಳ್ಳೋ ಮೊದಲೇ ಉಂಗುರ, ಬಳೆ ತೆಗೀರಿ.

ಮೂರು: ಬೊಬ್ಬೆ ಒಡೀಬೇಡಿ. ಒಗೆದ ಹತ್ತಿಬಟ್ಟೆಯಿಂದ ಸಡಿಲವಾಗಿ ಮುಚ್ಚಿ.

ಗಾಯ ಅಂಗೈಗಿಂತ ದೊಡ್ಡದಾ? ಮುಖ ಸುಟ್ಟಿದೆಯಾ? ಸುಟ್ಟುಕೊಂಡಿದ್ದು ಪುಟ್ಟ ಮಗುನಾ? ನೀರು ಹಾಯಿಸ್ತಾನೇ 108ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಹೊರಡಿ.

ಒಲೆ ಮುಂದೆ ನಿಲ್ಲೋ ಪ್ರತಿಯೊಬ್ಬರಿಗೂ ಇದನ್ನ ಕಳಿಸಿ. ಯಾರಾದರೂ ಪೇಸ್ಟ್ ಹುಡುಕೋಕೆ ಓಡಿದರೆ, ಕೈ ಹಿಡಿದು ನಲ್ಲಿ ಹತ್ರ ಕರ್ಕೊಂಡು ಹೋಗಿ.